ಹೂವಿನ ಚಾದರದ ದೆವ್ವ

ದೆವ್ವ ಮತ್ತೆ ಸೀನಿತು.

“ಆಕ್ಷೀ!”

ಕಿರುಚಬೇಕೆಂದು ಬಾಯಿ ತೆರೆದು ಮಂಚದ ಮೇಲೆ ಕೂತಿದ್ದ ಹುಡುಗಿ ಕಿರುಚಲೇ ಇಲ್ಲ, ಕಿಸಕ್ಕನೆ ನಕ್ಕುಬಿಟ್ಟಳು. ಬಾಗಿಲ ಹಿಂದೆ ಸ್ಟೀಲ್ ತಟ್ಟೆ, ಸೌಟು ಹಿಡಿದು ಗುಡುಗಲು ಕಾಯುತ್ತಿದ್ದ ಹುಡುಗನಿಗೆ ಈಗ ಗುಡುಗಬೇಕೋ ಬೇಡವೋ ತಿಳಿಯಲಿಲ್ಲ. ಯಾವುದಕ್ಕೂ ಇರಲಿ ಅಂತ ಒಂದು ಸಲ ಗುಡುಗಿದ.

“ಕಟ್! ಕಟ್! ಕಟ್!”

ಸೂಜಿ ಮೂರು ಸಲ ಕೂಗಿ, ಫೋನಿನ ಗುಂಡಿಯನ್ನು ಒಂದು ಸಲ ಒತ್ತಿದಳು. ಫೋನು ‘ಟಿಣ್’ ಎಂದಿತು.

“ಏಣೀ, ಇದು ನಾಲ್ಕನೇ ಸಲ! ದೆವ್ವ ಎಲ್ಲಾದ್ರೂ ಸೀನುತ್ತೇನೋ?”

“ಚಾದರದಲ್ಲಿ ಧೂಳಿದೆ ಕಣೇ,” ಎಂದಿತು ದೆವ್ವ, ಒಳಗಿಂದ. “ಮೂಗಲ್ಲಿ ಇರುವೆ ಓಡಾಡಿದ ಹಾಗಾಗುತ್ತೆ.”

“ದೆವ್ವಕ್ಕೆ ಮೂಗೇ ಇರಲ್ಲ.”

“ನಂಗಿದೆಯಲ್ಲ!”

ಸೂಜಿ ಕಡ್ಡಿಯ ಹಾಗೆ ತೆಳ್ಳಗಿದ್ದಳು. ಮಾತು ಚುಚ್ಚುವ ಹಾಗಿತ್ತು. ಅದಕ್ಕೇ ಐದನೇ ಕ್ಲಾಸಿನವರೆಲ್ಲ ಅವಳಿಗೆ ಸೂಜಿ ಎಂದು ಹೆಸರಿಟ್ಟಿದ್ದರು. ತೆಳ್ಳಗಿರುವುದಕ್ಕೆ ಮಾತ್ರ ಹಾಗೆ ಕರೆಯುತ್ತಾರೆಂದು ಅವಳು ತಿಳಿದಿದ್ದಳು. ದೆವ್ವವಾಗಿದ್ದ ಹುಡುಗ ಕ್ಲಾಸಿಗೆಲ್ಲ ಎತ್ತರ. ಫ್ಯಾನಿನ ಮೇಲೆ ಬಿದ್ದ ಚೆಂಡನ್ನು ಬೆಂಚು ಹತ್ತಿ ತೆಗೆದುಕೊಡುತ್ತಿದ್ದವನು ಅವನೇ. ಅದಕ್ಕೇ ಅವನು ಏಣಿ.

ಎತ್ತರದ ದೆವ್ವ ಒಳ್ಳೆಯದೇ. ಆದರೆ ಚಾದರ ಅವನ ಮೊಣಕಾಲಿಗೇ ಮುಗಿದುಹೋಗಿತ್ತು. ಕೆಳಗೆ ಎರಡು ಕಾಲು, ಒಂದರಲ್ಲಿ ನೀಲಿ ಕಾಲುಚೀಲ, ಇನ್ನೊಂದರಲ್ಲಿ ಕಂದು. ಸಾಲದ್ದಕ್ಕೆ ಸೂಜಿಯ ಮನೆಯಲ್ಲಿ ಬಿಳೀ ಚಾದರ ಇರಲೇ ಇಲ್ಲ. ಅಟ್ಟದಿಂದ ಅಜ್ಜಿ ಇಳಿಸಿಕೊಟ್ಟ ಚಾದರದ ತುಂಬ ತಟ್ಟೆಯಷ್ಟು ದೊಡ್ಡ ಹಳದಿ ಹೂವುಗಳು. ಕಣ್ಣಿಗೆ ತೂತು ಮಾಡಬೇಕೆಂದು ಕತ್ತರಿ ಹಿಡಿದರೆ ಅಜ್ಜಿ ಕತ್ತರಿಯನ್ನೇ ಕಿತ್ತುಕೊಂಡಿದ್ದರು.

“ತೂತು ಗೀತು ಮಾಡಿದ್ರೆ ನೋಡು! ನನ್ನ ಚಾದರಕ್ಕಿಂತ ನಿಮ್ಮ ದೆವ್ವ ಹೆಚ್ಚಾ?”

ಹೀಗಾಗಿ ದೆವ್ವಕ್ಕೆ ಕಣ್ಣು ಕಾಣುತ್ತಿರಲಿಲ್ಲ. ಒಮ್ಮೆ ಬೀರುವಿಗೆ, ಎರಡು ಸಲ ಗೋಡೆಗೆ, ಒಮ್ಮೆ ಅಜ್ಜಿಗೇ ಡಿಕ್ಕಿ ಹೊಡೆದಿತ್ತು.

ಇದೆಲ್ಲ ಶುರುವಾಗಿದ್ದು ಮಿಸ್ಸಿಂದ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, “ಮೂರು ನಿಮಿಷದ ಸಿನಿಮಾ ಮಾಡ್ಕೊಂಡು ಬನ್ನಿ, ಸೋಮವಾರ ಎಲ್ಲರ ಮುಂದೆ ತೋರಿಸೋಣ,” ಎಂದು ಚೀಟಿ ಎತ್ತಿಸಿದ್ದರು. ಒಂದು ಗುಂಪಿಗೆ ಕಾಮಿಡಿ ಬಂತು. ಒಂದಕ್ಕೆ ಜಾಹೀರಾತು. ಸೂಜಿ ಎತ್ತಿದ ಚೀಟಿಯಲ್ಲಿ ‘ಹಾರರ್’ ಎಂದಿತ್ತು. ಅವಳು ಚೀಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, “ನೋಡ್ತಾ ಇರಿ! ನಮ್ಮ ಸಿನಿಮಾ ನೋಡಿ ಲಾಸ್ಟ್ ಬೆಂಚಿನವರೂ ಬೆಂಚಿನ ಕೆಳಗೆ ಹೋಗ್ತಾರೆ,” ಎಂದು ಇಡೀ ಕ್ಲಾಸಿಗೆ ಸಾರಿಬಿಟ್ಟಿದ್ದಳು. ಡೈರೆಕ್ಟರ್ ಯಾರು ಎಂದು ಯಾರೂ ಕೇಳಲಿಲ್ಲ. ಕೇಳುವ ಮೊದಲೇ ಅವಳು ಆಗಿಬಿಟ್ಟಿದ್ದಳು.

ಈಗ ಶನಿವಾರ ಮಧ್ಯಾಹ್ನ. ಕಿಟಕಿಗೆ ಕಂಬಳಿ ಕಟ್ಟಿ ರೂಮನ್ನು ಕತ್ತಲೆ ಮಾಡಿದ್ದರು. ಅಮ್ಮನ ಹೊಲಿಗೆ ಮಷೀನಿನ ಮೇಲೆ ಡಿಕ್ಷನರಿ, ಡಿಕ್ಷನರಿಯ ಮೇಲೆ ಬಿಸ್ಕತ್ತಿನ ಡಬ್ಬಿ, ಡಬ್ಬಿಗೆ ಒರಗಿಸಿ ಅಪ್ಪನ ಹಳೇ ಫೋನು. ಅದು ಅಪ್ಪನ ಜೇಬಿನಿಂದ ಬಿದ್ದೂ ಬಿದ್ದೂ ಪರದೆಯ ಅಂಚಿಗೆಲ್ಲ ಮಸಿ ಚೆಲ್ಲಿದ ಹಾಗೆ ಕಪ್ಪಾಗಿತ್ತು. ನಡುವೆ ಅಂಗೈಯಷ್ಟು ಜಾಗ ಮಾತ್ರ ಕಾಣುತ್ತಿತ್ತು. ಗುಂಡಿ ಇರುವುದು ಕಪ್ಪಿನಲ್ಲೇ. ಅಂದಾಜಿನ ಮೇಲೆ ಒತ್ತಬೇಕು. ‘ಟಿಣ್’ ಅಂದರೆ ಒತ್ತಿತು ಎಂದು ಅರ್ಥ.

“ಮತ್ತೆ ಮಾಡೋಣ. ರೇಡಿಯೋ, ನೀನು ನಗಬಾರದು.”

“ನಾನೆಲ್ಲಿ ನಕ್ಕೆ? ಅವನು ಸೀನಿದ, ಅದಕ್ಕೆ ನಗು ಬಂತು, ನಗು ತಾನಾಗೇ ಬಂದ್ರೆ ನಾನು ನಕ್ಕ ಹಾಗೆ ಹೇಗಾಗುತ್ತೆ? ನಮ್ಮ ದೊಡ್ಡಮ್ಮನ ಮನೇಲೂ ಹೀಗೇ ಒಂದ್ಸಲ...” ಎಂದು ಮಂಚದ ಮೇಲಿನ ಹುಡುಗಿ ಶುರು ಮಾಡಿದಳು. ಅವಳನ್ನು ಶುರು ಮಾಡುವುದು ಸುಲಭ, ನಿಲ್ಲಿಸುವುದು ಕಷ್ಟ. ಅದಕ್ಕೇ ಅವಳು ರೇಡಿಯೋ.

“ಸಾಕು! ಪ್ರೊಫೆಸರ್, ನೀನು ದೆವ್ವ ಕೈ ಎತ್ತಿದ ಮೇಲೆ ಗುಡುಗು.”

“ಗುಡುಗು ಮೊದಲು ಬರಲ್ಲ, ಮಿಂಚು ಮೊದಲು,” ಎಂದ ತಟ್ಟೆ ಹಿಡಿದ ಹುಡುಗ, ಕನ್ನಡಕ ಸರಿಮಾಡಿಕೊಳ್ಳುತ್ತಾ. “ಬೆಳಕಿನ ವೇಗ ಜಾಸ್ತಿ.”

“ನಂಗೆ ವೇಗ ಬೇಡ, ಸದ್ದು ಬೇಕು! ರೆಡಿ? ಆಕ್ಷನ್!”

ಟಿಣ್.

ದೆವ್ವ ಬೀರುವಿನ ಹಿಂದಿನಿಂದ ಎದ್ದಿತು. ಎರಡೂ ಕೈ ಮೇಲಕ್ಕೆತ್ತಿತು. “ನಾನೂ... ಬಂ...”

“ಮಗೂ, ಬಾಳೆಹಣ್ಣು ತಿಂತೀಯಾ?” ಎನ್ನುತ್ತಾ ಅಜ್ಜಿ ಒಳಗೆ ಬಂದರು. “ಬೆಳಗ್ಗಿಂದ ನಿಂತೇ ಇದೀಯಲ್ಲೋ.”

“ಅಜ್ಜೀ! ಕಟ್!”

ಟಿಣ್.

“ಅಜ್ಜಿ, ಶೂಟಿಂಗ್ ನಡೀತಾ ಇದೆ!”

“ನಡೀಲಿ. ಯಾರು ಬೇಡ ಅಂದ್ರು? ಹಸಿದ ದೆವ್ವ ಎಷ್ಟು ಹೊತ್ತು ನಡೆಯುತ್ತೆ?”

ದೆವ್ವ ಚಾದರದ ಕೆಳಗಿಂದ ಕೈ ಚಾಚಿತು. ಹಣ್ಣು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಸಿಪ್ಪೆ ಹೊರಗೆ ಬಂತು. ಅದನ್ನು ಕಂಡು ರೇಡಿಯೋ ಮಂಚದಿಂದ ಕೆಳಗೆ ಬಿದ್ದು ನಕ್ಕಳು. ಪ್ರೊಫೆಸರ್ ತಟ್ಟೆಯಿಂದ ಮುಖ ಮುಚ್ಚಿಕೊಂಡು ನಕ್ಕ. ಅಜ್ಜಿಯಂತೂ, “ಅಯ್ಯೋ, ದೆವ್ವಕ್ಕೆ ಇನ್ನೊಂದು ಬೇಕಂತೆ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಸೂಜಿ ನಗಲಿಲ್ಲ. ಅವಳ ಕಣ್ಣ ಮುಂದೆ ಲಾಸ್ಟ್ ಬೆಂಚು ಇತ್ತು. ಯಾರೂ ಅದರ ಕೆಳಗೆ ಹೋಗುತ್ತಿರಲಿಲ್ಲ.

ಆರನೇ ಸಲ ದೆವ್ವದ ಕಾಲು ಕಂಬಳಿಗೆ ಸಿಕ್ಕಿ ಕಿಟಕಿಯ ಬೆಳಕೆಲ್ಲ ಒಳಗೆ ನುಗ್ಗಿತು. “ಎಲ್ಲರೂ ಹೋಗಿ ನೀರು ಕುಡಿದು ಬನ್ನಿ. ಐದೇ ನಿಮಿಷ ಬ್ರೇಕ್,” ಎಂದು ಸೂಜಿ ಮೂವರನ್ನೂ ಅಡುಗೆಮನೆಗೆ ಅಟ್ಟಿದಳು. ತಾನೂ ಹೋದಳು. ಏಣಿ ಒಂದು ಗುಟುಕು ಕುಡಿದು ಬೇಗ ವಾಪಸ್ಸು ಹೋದದ್ದನ್ನು ಅವಳು ಗಮನಿಸಲಿಲ್ಲ.

ಬ್ರೇಕ್ ಆದ ಮೇಲೆ ಏಳನೇ ಸಲ ಸೀನು. ಎಂಟನೇ ಸಲ ನಗು. ಒಂಬತ್ತನೇ ಸಲ ಎಲ್ಲ ಸರಿಯಾಗಿತ್ತು, ರೇಡಿಯೋ ಸರಿಯಾಗಿ ಕಿರುಚಿದಳು, ಪ್ರೊಫೆಸರ್ ಸರಿಯಾಗಿ ಗುಡುಗಿದ. ಕಟ್ಟಕಡೆಗೆ ದೆವ್ವ ಸೀನಿತು.

ಸೂಜಿಗೆ ಕೋಪ ನೆತ್ತಿಗೇರಿತು. ಗುಂಡಿ ಒತ್ತಿ ಎದ್ದು ನಿಂತಳು.

“ನಿಂಗೆ ಒಂದು ದೆವ್ವ ಆಗೋಕೂ ಬರಲ್ವೇನೋ? ಸುಮ್ನೆ ನಿಂತ್ಕೊಳ್ಳೋದು ಅಷ್ಟು ಕಷ್ಟಾನಾ? ಮಿಸ್ ಹೇಳಿದ್ರು ಅಂತ ನಿನ್ನ ತಗೊಂಡಿದ್ದು. ಇಲ್ದಿದ್ರೆ ನಿನ್ನ ಯಾರೂ ಗುಂಪಿಗೆ ಸೇರಿಸ್ಕೊಳ್ತಾನೇ ಇರ್ಲಿಲ್ಲ!”

ರೇಡಿಯೋ ಮಾತಾಡಲಿಲ್ಲ. ಅದೇ ಒಂದು ಆಶ್ಚರ್ಯ.

ಚಾದರ ಅಲುಗಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದರ ಒಳಗಿಂದ, “ಇನ್ನೊಂದ್ಸಲ ಮಾಡೋಣ,” ಎಂದು ಮೆಲ್ಲಗೆ ಕೇಳಿಸಿತು.

“ಕೊನೇ ಸಲ. ಆಕ್ಷನ್!”

ಟಿಣ್.

ಹತ್ತನೇ ಸಲ ದೆವ್ವ ದೆವ್ವವಾಗಿಯೇ ಬಂತು. ಮೆಲ್ಲಗೆ ಎದ್ದಿತು. ಅವಸರವಿಲ್ಲದೆ ಮಂಚದ ಹತ್ತಿರ ಸರಿಯಿತು. “ನಾನೂ... ಬಂದೇ...” ಎಂದಿತು. ದನಿ ಗಂಟಲಿನದಲ್ಲ, ಮೂಗಿನದೂ ಅಲ್ಲ, ಎಲ್ಲೋ ಬಾವಿಯೊಳಗಿಂದ ಬಂದ ಹಾಗಿತ್ತು. ರೇಡಿಯೋ ನಿಜವಾಗಿಯೂ ಕಿರುಚಿದಳು. ಪ್ರೊಫೆಸರನ ಕೈಯಿಂದ ತಟ್ಟೆ ಜಾರಿ ಬಿದ್ದು ಉರುಳಿ ಉರುಳಿ ಗುಡುಗಿತು.

“ಕಟ್! ಸೂಪರ್! ಆಯ್ತು, ಸಿನಿಮಾ ಆಯ್ತು!” ಎಂದು ಸೂಜಿ ಕುಣಿದಾಡಿದಳು. ಟಿಣ್.

ಏಣಿ ಚಾದರ ತೆಗೆದ. ಮೂಗು ಕೆಂಪಾಗಿತ್ತು. ಚಾದರದ ತುದಿಗೆ ತುದಿ ಸೇರಿಸಿ, ಅಂಚಿಗೆ ಅಂಚು ಕೂಡಿಸಿ, ಅಂಗಡಿಯಲ್ಲಿಟ್ಟ ಹೊಸ ಬಟ್ಟೆಯ ಹಾಗೆ ಮಡಚಿ ಮಂಚದ ಮೇಲಿಟ್ಟ. ಅವನ ಅಮ್ಮನದು ರಸ್ತೆ ಮೂಲೆಯ ಇಸ್ತ್ರಿ ಅಂಗಡಿ. ಮಡಚುವುದರಲ್ಲಿ ಅವನ ಕೈ ಪಳಗಿತ್ತು.

“ಅಜ್ಜೀ, ಹೋಗಿ ಬರ್ತೀನಿ,” ಎಂದ. ಅಜ್ಜಿಗೆ ಮಾತ್ರ ಹೇಳಿದ.

ಮರುದಿನ ಬೆಳಗ್ಗೆ ಏಣಿಯನ್ನು ಬಿಟ್ಟು ಮೂವರೂ ಪ್ರೊಫೆಸರನ ಮನೆಯಲ್ಲಿ ಸೇರಿದರು. ಅವನ ಅಕ್ಕ ಕಾಲೇಜು ಓದುತ್ತಿದ್ದಳು. ವಿಡಿಯೋ ತುಂಡುಗಳನ್ನು ಕತ್ತರಿಸಿ ಜೋಡಿಸುವುದು ಅವಳಿಗೆ ಗೊತ್ತಿತ್ತು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದವಳು ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿ, “ಎಲ್ಲಿ, ಹೆದರಿಸಿ ನೋಡೋಣ,” ಎಂದಳು.

ಪರದೆಯ ತುಂಬ ಒಂದು ದೊಡ್ಡ ಕಣ್ಣು ಬಂತು. ಕನ್ನಡಕದ ಕಣ್ಣು. “ಬರುತ್ತೋ ಇಲ್ವೋ ನೋಡೋಣ,” ಎಂದಿತು. ಆಮೇಲೆ ಕಂಬಳಿ ಕಟ್ಟುವುದು ಬಂತು. ಕತ್ತರಿಗಾಗಿ ಅಜ್ಜಿಯ ಜೊತೆ ಜಗಳ ಬಂತು. ಕಡೆಗೆ ಸೂಜಿಯ ದನಿ: “ರೆಡಿ? ಆಕ್ಷನ್!” ಅಲ್ಲಿಗೆ ತುಂಡು ಮುಗಿಯಿತು.

“ಮುಂದಿಂದು ಹಾಕು ಅಕ್ಕ,” ಎಂದಳು ಸೂಜಿ.

ಮುಂದಿನದರಲ್ಲಿ, “ಕಟ್! ಏನೋ ಇದು!” ಎಂದು ಶುರುವಾಯಿತು. ಏಣಿ ಮೂಗೊರೆಸಿಕೊಂಡ. ರೇಡಿಯೋ ದೊಡ್ಡಮ್ಮನ ಮನೆಯ ಕತೆ ಹೇಳಿದಳು. “ಆಕ್ಷನ್!” ಮುಗಿಯಿತು.

ಅದರ ಮುಂದಿನದೂ ಹಾಗೇ. ಅದರ ಮುಂದಿನದೂ. ಕೊನೆಯ ತುಂಡು ಒಂದು ಗಂಟೆ ನಲವತ್ತು ನಿಮಿಷದ್ದು. ಮೊದಲು ಸೂಜಿ ಕುಣಿದದ್ದು, ಏಣಿ ಚಾದರ ಮಡಚಿದ್ದು. ಆಮೇಲೆ ಯಾರೋ ಫೋನು ಮಲಗಿಸಿದ ಮೇಲೆ ಬರೀ ಸೀಲಿಂಗು, ಬ್ಯಾಟರಿ ಮುಗಿಯುವವರೆಗೂ ಸೀಲಿಂಗು. ಒಂದು ಹಲ್ಲಿ ಬಂದು ಹೋಗಿತ್ತು.

“ದೆವ್ವ ಎಲ್ಲಿ?” ಎಂದಳು ಅಕ್ಕ.

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡು, ಮತ್ತೆ ತೆಗೆದು ಒರೆಸಿದ.

“ಅದು ಏನಾಗಿದೆ ಅಂದ್ರೆ,” ಎಂದ ಸಣ್ಣ ದನಿಯಲ್ಲಿ, “ಆ ಗುಂಡಿ ಲೈಟಿನ ಸ್ವಿಚ್ ಇದ್ದ ಹಾಗೆ. ಒಂದ್ಸಲ ಒತ್ತಿದ್ರೆ ಶುರು, ಇನ್ನೊಂದ್ಸಲ ಒತ್ತಿದ್ರೆ ಬಂದ್. ಎರಡಕ್ಕೂ ಟಿಣ್ ಅನ್ನುತ್ತೆ. ಸೂಜಿ ಶುರು ಮಾಡೋಕೆ ಮೊದಲೇ ನಾನು... ಟೆಸ್ಟ್ ಮಾಡೋಣ ಅಂತ... ಒಂದ್ಸಲ ಒತ್ತಿದ್ದೆ.”

“ಅಂದ್ರೆ?”

“ಅಂದ್ರೆ ನೀನು ಆಕ್ಷನ್ ಅಂದಾಗೆಲ್ಲ ಬಂದ್ ಆಗಿದೆ. ಕಟ್ ಅಂದಾಗೆಲ್ಲ ಶುರುವಾಗಿದೆ.”

ಹತ್ತು ಸಲದ ದೆವ್ವ ಹತ್ತು ಸಲವೂ ನೀರುಪಾಲು. ಆ ಬಾವಿಯೊಳಗಿನ ದನಿಯೂ ಹೋಯಿತು. ಉಳಿದದ್ದು ನಡುನಡುವಿನ ಗದ್ದಲ ಮಾತ್ರ.

ಅಕ್ಕ ನಗು ತಡೆಯಲು ನೋಡಿದಳು, ಆಗಲಿಲ್ಲ. ನಕ್ಕ ರಭಸಕ್ಕೆ ತಲೆಯ ಟವೆಲ್ ಬಿಚ್ಚಿಬಿತ್ತು. ರೇಡಿಯೋಗೂ ನಗು ಬಂತು. “ಅಲ್ಲ ಕಣೇ, ಇಡೀ ಸಿನಿಮಾದಲ್ಲಿ ಭಯ ಆಗೋ ಹಾಗಿರೋದು ನೀನೊಬ್ಬಳೇ! ಕಣ್ಣು ನೋಡು, ಬೆರಳು ನೋಡು!”

“ನಗಬೇಡ! ಇವತ್ತೇ ಮತ್ತೆ ಶೂಟಿಂಗ್ ಮಾಡೋಣ. ನಡೀರಿ.”

“ನಾನು ದೊಡ್ಡಮ್ಮನ ಮನೆಗೆ ಹೋಗ್ಬೇಕಲ್ಲ. ಅಮ್ಮ ಕೆಳಗೆ ಕಾಯ್ತಿದ್ದಾಳೆ.” ರೇಡಿಯೋ ಚಪ್ಪಲಿ ಹಾಕಿಕೊಂಡು ಮಾತಾಡುತ್ತಲೇ ಮೆಟ್ಟಿಲಿಳಿದಳು. ಕೊನೆಯ ಮೆಟ್ಟಿಲವರೆಗೂ ಅವಳ ದನಿ ಕೇಳಿಸುತ್ತಿತ್ತು.

ಸೂಜಿ ಅಕ್ಕನ ಫೋನಿನಿಂದ ಅಮ್ಮನಿಗೆ ಫೋನು ಮಾಡಿದಳು. “ಅಮ್ಮಾ, ಆ ಹೂವಿನ ಚಾದರ ತೆಗೆದಿಡು!”

“ಅದಾ? ಬೆಳಗ್ಗೇನೇ ನೆನೆಹಾಕಿದೆ. ಏನು ಧೂಳು ಅಂತೀಯಾ, ಬಕೆಟ್ ನೀರೆಲ್ಲ ಮಣ್ಣಿನ ಬಣ್ಣ. ಇದನ್ನ ಆ ಮಗುವಿಗೆ ಹೊದಿಸಿದ್ರಾ ನೀವು?”

ದೆವ್ವ ಬಕೆಟ್ಟಿನಲ್ಲಿತ್ತು. ಸೂಜಿ ಕುರ್ಚಿಯಲ್ಲಿ ಕುಸಿದಳು. ಅಕ್ಕ ಬಟ್ಟೆ ಒಣಹಾಕಲು ಹೋದಳು. ಪ್ರೊಫೆಸರ್ ಬೈಗುಳಕ್ಕೆ ಸಿದ್ಧನಾಗಿ ಸ್ವಲ್ಪ ದೂರದಲ್ಲಿ ನಿಂತಿದ್ದ. ಅವಳು ಬೈಯದಿರುವುದನ್ನು ಕಂಡು ಇನ್ನೂ ಹೆದರಿ, ತಿಂಡಿ ಡಬ್ಬಿ ಹುಡುಕುವ ನೆಪದಲ್ಲಿ ಅಡುಗೆಮನೆಗೆ ಜಾರಿದ.

ಏನಾದರೂ ಸಿಗಬಹುದೆಂದು ಸೂಜಿ ಉಳಿದ ತುಂಡುಗಳನ್ನು ಒಂದೊಂದಾಗಿ ಹಾಕಿದಳು. ಆರನೆಯ ಸಲದ ನಂತರದ್ದು ಉದ್ದವಿತ್ತು. ಬ್ರೇಕಿನದು. ಎಲ್ಲರೂ ಬಾಗಿಲಿನಿಂದ ಹೊರಗೆ ಹೋದರು. ಖಾಲಿ ರೂಮು. ಆಮೇಲೆ ಏಣಿ ಒಬ್ಬನೇ ಒಳಗೆ ಬಂದ. ಚಾದರ ಹೊದ್ದುಕೊಂಡು, ಎದುರಿಗೆ ಒಂದು ಕುರ್ಚಿ ಎಳೆದುಕೊಂಡ.

“ನಾನೂ ಬಂದೇ,” ಎಂದ ಕುರ್ಚಿಗೆ. “ಭಯ ಆಯ್ತಾ?”

ಕುರ್ಚಿ ಸುಮ್ಮನಿತ್ತು.

“ಆಗ್ಲಿಲ್ವಾ? ಇರು. ನಾನೂ... ಬಂದೇ... ಈಗ? ಸ್ವಲ್ಪ ಆಯ್ತು ತಾನೇ?”

ಕುರ್ಚಿಗೆ ಆಗಿರಲಿಲ್ಲವೆಂದು ಕಾಣುತ್ತದೆ. ಏಣಿ ಮತ್ತೆ ಹೇಳಿದ, ಮತ್ತೆ ಮತ್ತೆ ಹೇಳಿದ. ನಡುವೆ ಒಮ್ಮೆ ಸೀನಿ, ಕುರ್ಚಿಗೆ “ಸಾರಿ” ಎಂದ. ಮಂಚದಿಂದ ಬೀರುವಿಗೆ ಎಷ್ಟು ಹೆಜ್ಜೆ ಎಂದು ಎಣಿಸಿದ. ಕಡೆಗೆ ಚಾದರ ಸರಿಸಿ, ಜೇಬಿನಿಂದ ಬಟ್ಟೆ ಒಣಗಿಸುವ ಕ್ಲಿಪ್ಪೊಂದನ್ನು ತೆಗೆದು, ಮೂಗಿಗೆ ಸಿಕ್ಕಿಸಿಕೊಂಡು, “ಅಯ್ಯಯ್ಯಯ್ಯೋ!” ಎಂದು ಒಂಟಿಕಾಲಿನಲ್ಲಿ ಕುಣಿದು, ಅದನ್ನು ಕಿತ್ತು ಮತ್ತೆ ಜೇಬಿಗೆ ಹಾಕಿಕೊಂಡ.

ಸೂಜಿಗೆ ನಗು ಉಕ್ಕಿಬಂತು. ನಿನ್ನೆಯಿಂದ ಮೊದಲ ಸಲ. ಬಾವಿಯೊಳಗಿನ ದನಿ ಎಲ್ಲಿಂದ ಬಂದದ್ದೆಂದು ಈಗ ತಿಳಿಯಿತು.

ನಗುತ್ತಲೇ ಒಂಬತ್ತನೆಯ ಸಲದ ನಂತರದ್ದನ್ನು ಹಾಕಿದಳು. ಅವಳದೇ ದನಿ ಕಿರುಚಿತು. ಅವಳದೇ ಬೆರಳು ಚಾದರಕ್ಕೆ ತಾಗುವಷ್ಟು ಹತ್ತಿರ ಹೋಗಿ ಅಲುಗಾಡಿತು. ‘ಯಾರೂ ಗುಂಪಿಗೆ ಸೇರಿಸ್ಕೊಳ್ತಾನೇ ಇರ್ಲಿಲ್ಲ!’ ನಿನ್ನೆ ಅವಳು ಅಷ್ಟು ಹೇಳಿ ಫೋನಿನತ್ತ ತಿರುಗಿದ್ದಳು. ಫೋನು ಮಾತ್ರ ದೆವ್ವವನ್ನೇ ನೋಡುತ್ತಿತ್ತು. ಚಾದರದ ಮೇಲ್ಭಾಗದಲ್ಲಿ, ಕಣ್ಣಿಗೆ ತೂತು ಮಾಡಬೇಕೆಂದಿದ್ದ ಜಾಗದಲ್ಲಿ, ಎರಡು ಹಳದಿ ಹೂವು ಮೆಲ್ಲಗೆ ಒದ್ದೆಯಾದವು.

ಸೂಜಿ ಲ್ಯಾಪ್‌ಟಾಪ್ ಮುಚ್ಚಿದಳು.

ಇಸ್ತ್ರಿ ಅಂಗಡಿಯಲ್ಲಿ ಭಾನುವಾರ ಕೆಲಸ ಹೆಚ್ಚು. ಏಣಿಯ ಅಮ್ಮ ಒಂದು ಪ್ಯಾಂಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಎಳೆಯುತ್ತಾ ತಲೆಯೆತ್ತಿದರು.

“ಬಾಮ್ಮ ಡೈರೆಕ್ಟ್ರೇ. ಇವನ ಮೂಗು ನೋಡು, ಮಾಗಿದ ಟೊಮೆಟೊ. ಏನೋ ಇದು ಅಂದ್ರೆ, ಕ್ಲಿಪ್ ಹಾಕ್ಕೊಂಡಿದ್ದೆ ಅಂತಾನೆ. ಸಿನಿಮಾದವರು ಮೂಗಿಗೆಲ್ಲ ಕ್ಲಿಪ್ ಹಾಕಿಸ್ತೀರಾ?”

ಏಣಿ ಹಿಂದೆ ಕೂತು ಷರಟು ಮಡಚುತ್ತಿದ್ದ. ತಲೆ ಎತ್ತಲಿಲ್ಲ.

“ಸಾರಿ ಕಣೋ,” ಎಂದಳು ಸೂಜಿ.

“ಯಾವುದಕ್ಕೆ? ನೀನು ತುಂಬ ಹೇಳಿದೆ.”

“ಮಿಸ್ ಹೇಳಿದ್ರು ಅಂತ ನಿನ್ನ ತಗೊಂಡೆ ಅಂದ್ನಲ್ಲ, ಅದಕ್ಕೆ.”

“ಅದು ನಿಜಾನೇ ಅಲ್ವಾ?” ಏಣಿ ಕಾಲರಿನ ಅಂಚನ್ನು ಉಗುರಿನಿಂದ ತೀಡಿದ. “ಮಿಸ್ಸೇ ಹಾಕಿದ್ದು.”

ನಿಜವೇ. ಅವಳು ಬೇರೆ ಏನೋ ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಮಾತಿಗೇನೂ ಅವಳಿಗೆ ಬರವಿರಲಿಲ್ಲ.

“ಹೂಂ, ನಿಜ,” ಎಂದಳು. “ಆದ್ರೆ ಈಗ ಮಿಸ್ ತೆಗೀತೀನಿ ಅಂದ್ರೂ ನಾನು ಬಿಡಲ್ಲ. ನೀನು ಕುರ್ಚಿನ ಹೆದರಿಸಿದ್ದು ನೋಡಿದೆ.”

ಏಣಿಯ ಕಿವಿಯೂ ಟೊಮೆಟೊ ಆಯಿತು. “ಅದು ರೆಕಾರ್ಡ್ ಆಗಿದೆಯಾ?!”

“ಅದೊಂದೇ ಆಗಿರೋದು!”

ಅವಳು ಗುಂಡಿಯ ಕತೆ ಹೇಳಿದಳು. ಹಲ್ಲಿಯವರೆಗೂ ಹೇಳಿದಳು. ಮೊದಲು ನಕ್ಕವರು ಏಣಿಯ ಅಮ್ಮ. ಆಮೇಲೆ ಏಣಿ. ನಕ್ಕು ನಕ್ಕು ಮಡಚಿಟ್ಟ ಆರು ಷರಟು ಬೀಳಿಸಿ, ಎಲ್ಲವನ್ನೂ ಮತ್ತೆ ಮಡಚಿ, ಅಮ್ಮನ ಅಪ್ಪಣೆ ಪಡೆದು, ಅವಳ ಜೊತೆ ಹೊರಟ.

ಅಕ್ಕ ತುಂಡುಗಳನ್ನು ಜೋಡಿಸಿದಳು. ಪ್ರೊಫೆಸರನ ಕಣ್ಣು ಇಟ್ಟರು. ಅಜ್ಜಿಯ ಬಾಳೆಹಣ್ಣು ಇಟ್ಟರು. ಕುರ್ಚಿಯ ಭಾಗ ಇರಲೋ ಬೇಡವೋ ಎಂದು ಕೇಳಿದಾಗ ಏಣಿ ಸ್ವಲ್ಪ ಯೋಚಿಸಿ, “ಇರಲಿ. ಕ್ಲಿಪ್ ಹಾಕ್ಕೊಳ್ಳೋದು ಜೋರಾಗಿದೆ,” ಎಂದ. ಒಂಬತ್ತನೆಯ ಸಲದ್ದು ಬಂತು. ಅವನು ಅದನ್ನು ಪೂರ್ತಿ ನೋಡಿದ. ಸೂಜಿ ಲ್ಯಾಪ್‌ಟಾಪಿನ ಅಂಚನ್ನು ನೋಡುತ್ತಿದ್ದಳು.

“ಇದನ್ನ ತೆಗೆದುಬಿಡೋಣ,” ಎಂದಳು.

“ಹೂವು ಒದ್ದೆ ಆಗೋದು ತೆಗಿ,” ಎಂದ ಏಣಿ. “ನೀನು ಬೈಯೋದು ಇರಲಿ.”

“ಎಲ್ಲರೂ ನೋಡ್ತಾರೋ!”

“ಹಾರರ್ ಸಿನಿಮಾ ಅಲ್ವಾ?”

ಅಕ್ಕ ಇಬ್ಬರ ಮುಖವನ್ನೂ ನೋಡಿದಳು. ಬೆರಳು ಕೀಲಿಯ ಮೇಲೆ ಕಾಯುತ್ತಿತ್ತು.

ಸೂಜಿ ಪರದೆಯ ಮೇಲಿನ ತನ್ನ ಬೆರಳನ್ನು ನೋಡಿದಳು. “ಇರಲಿ,” ಎಂದಳು ಕಡೆಗೆ.

ಸೋಮವಾರ ಕಂಪ್ಯೂಟರ್ ರೂಮಿನ ದೊಡ್ಡ ಪರದೆಯ ಮೇಲೆ ಮೊದಲು ಕಾಮಿಡಿ ಗುಂಪಿನ ಸಿನಿಮಾ ಬಂತು. ಯಾರೂ ನಗಲಿಲ್ಲ. ಮಿಸ್ ಪಾಪ, ಎಲ್ಲರ ಪಾಲಿನದನ್ನೂ ತಾವೇ ನಕ್ಕರು. ಜಾಹೀರಾತಿನ ಗುಂಪಿನ ಸೋಪು ಜಾರಿ ಬೀರುವಿನ ಕೆಳಗೆ ಹೋಗಿ, ಕೊನೆಯವರೆಗೂ ಸಿಗಲಿಲ್ಲ. ಆಮೇಲೆ ‘ದೆವ್ವದ ಕಷ್ಟ’ ಎಂಬ ಹೆಸರು ಬಂತು. ಅದು ಅಕ್ಕ ಕೊಟ್ಟ ಹೆಸರು.

ಕಣ್ಣು ಬಂದಾಗ ಒಂದಿಬ್ಬರು ನಕ್ಕರು. ಬಾಳೆಹಣ್ಣು ಒಳಗೆ ಹೋಗಿ ಸಿಪ್ಪೆ ಹೊರಗೆ ಬಂದಾಗ ಇಡೀ ರೂಮು ಹೋ ಎಂದಿತು. ದೆವ್ವ ಕುರ್ಚಿಗೆ ಸಾರಿ ಹೇಳಿದಾಗ ಲಾಸ್ಟ್ ಬೆಂಚಿನವರಲ್ಲಿ ಒಬ್ಬ ನಕ್ಕು ನಕ್ಕು ಬೆಂಚಿನಿಂದ ಜಾರಿ ಕೆಳಗೇ ಹೋದ. ಯಾರೋ ಹಿಂದಿನಿಂದ ಏಣಿಯ ಬೆನ್ನು ತಟ್ಟಿದರು.

ಆಮೇಲೆ ಸೂಜಿಯ ಬೆರಳು ಬಂತು. ‘ಒಂದು ದೆವ್ವ ಆಗೋಕೂ ಬರಲ್ವೇನೋ?’ ಎಂದಾಗ ಎಲ್ಲರೂ ನಕ್ಕರು. ‘ಸುಮ್ನೆ ನಿಂತ್ಕೊಳ್ಳೋದು’ ಎಂದಾಗಲೂ ನಕ್ಕರು. ಅದರ ಮುಂದಿನ ಮಾತಿಗೆ ನಗು ಅಲ್ಲೊಂದು ಇಲ್ಲೊಂದು ನಿಂತಿತು. ಪರದೆ ಕಪ್ಪಾಯಿತು. ಆಮೇಲೆ ಸೇರಿಸಿದ್ದ ಪ್ರೊಫೆಸರನ ತಟ್ಟೆಯ ಗುಡುಗು ಒಂದು ಸಲ ಕೇಳಿಸಿ ಸಿನಿಮಾ ಮುಗಿಯಿತು.

ಚಪ್ಪಾಳೆ ಜೋರಾಗಿಯೇ ಬಿತ್ತು.

“ಭಯ ಆಯ್ತಾ ಯಾರಿಗಾದ್ರೂ?” ಎಂದು ಕೇಳಿದರು ಮಿಸ್.

“ಡೈರೆಕ್ಟರ್ ನೋಡಿ ಆಯ್ತು ಮಿಸ್!”

ಮತ್ತೆ ನಗು. ಮಿಸ್ಸೂ ನಕ್ಕು ಸೂಜಿಯ ಕಡೆ ತಿರುಗಿದರು. “ಕೊನೇಲಿ ಬೈಯೋದನ್ನ ತುಂಬ ಚೆನ್ನಾಗಿ ಮಾಡಿದ್ದೀಯ. ನಂಗೇ ಒಂದು ನಿಮಿಷ ನಿಜ ಅನ್ನಿಸ್ತು. ಆಕ್ಟಿಂಗ್ ತಾನೇ?”

ಪಕ್ಕದಲ್ಲಿದ್ದ ರೇಡಿಯೋ ಜೋರಾಗಿ ತಲೆಯಾಡಿಸಿದಳು. “ಹೌದು ಅನ್ನು, ಹೌದು ಅನ್ನು,” ಎಂದು ಮೊಣಕೈಯಿಂದ ತಿವಿದಳು. ‘ಹೌದು’ ಎಂಬುದು ಸೂಜಿಯ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಎಷ್ಟು ಚಿಕ್ಕ ಮಾತು. ಹೇಳಿದರೆ ಎಲ್ಲ ಮುಗಿದುಹೋಗುತ್ತಿತ್ತು. ಏಣಿ ಅವಳ ಕಡೆ ನೋಡುತ್ತಿರಲಿಲ್ಲ. ತನ್ನ ಮೂಗು ಮುಟ್ಟಿಕೊಳ್ಳುತ್ತಾ ಕಿಟಕಿಯ ಹೊರಗೆ ನೋಡುತ್ತಿದ್ದ.

“ಅಲ್ಲ ಮಿಸ್,” ಎಂದಳು ಸೂಜಿ. “ಅದು ನಾನೇ.”

ಮಿಸ್ ಪೆನ್ನು ಕೈಗೆತ್ತಿಕೊಂಡರು. “ಸರಿ, ಕೂತ್ಕೋ,” ಎಂದರು ಮೆಲ್ಲಗೆ, ಹತ್ತರಲ್ಲಿ ಎಷ್ಟು ಅಂಕ ಎಂದು ಬರೆದುಕೊಂಡರು. ಎಷ್ಟೆಂದು ಸೂಜಿ ಇಣುಕಿ ನೋಡಲಿಲ್ಲ.

ಮಧ್ಯಾಹ್ನದ ಕೊನೇ ಪೀರಿಯಡ್ಡಿನಲ್ಲಿ ಮಿಸ್ ಮುಂದಿನ ಪ್ರಾಜೆಕ್ಟ್ ಹೇಳಿದರು. ಐಸ್‌ಕ್ರೀಂ ಕಡ್ಡಿಗಳಿಂದ ಸೇತುವೆ ಕಟ್ಟಬೇಕು. “ಈ ಸಲ ಗುಂಪು ನೀವೇ ಮಾಡ್ಕೊಳ್ಳಿ.”

ಬೆಂಚುಗಳು ಕಿರ್‍ರೆಂದವು. ಸೂಜಿ ಎದ್ದಳು. ಅಷ್ಟರಲ್ಲಿ ಏಣಿಯ ಸುತ್ತ ಐದಾರು ಜನ ಮುತ್ತಿಕೊಂಡಿದ್ದರು. “ನಮ್ಮ ಗುಂಪಿಗೆ ಬಾರೋ.” “ಇಲ್ಲ, ನಮ್ಮದಕ್ಕೆ. ನಾನು ಮೊದ್ಲೇ ಕೇಳಿದ್ದೆ.” “ಏಣಿ, ಒಂದ್ಸಲ ನಾನೂ ಬಂದೇ ಅನ್ನೋ, ಪ್ಲೀಸ್!”

ಎಂದಿನ ಸೂಜಿಯಾಗಿದ್ದರೆ ಮೊಣಕೈಯಿಂದ ದಾರಿ ಮಾಡಿಕೊಂಡು ಎಲ್ಲರ ಮುಂದೆ ನಿಲ್ಲುತ್ತಿದ್ದಳು. ಒಂದು ಹೆಜ್ಜೆ ಇಟ್ಟೂ ಇಟ್ಟಳು. ಆಮೇಲೆ ಕಾಮಿಡಿ ಗುಂಪಿನ ಹುಡುಗನ ಹಿಂದೆ, ಎಲ್ಲರಿಗಿಂತ ಕೊನೆಯಲ್ಲಿ ಹೋಗಿ ನಿಂತಳು.

ಆ ಹುಡುಗ ತಿರುಗಿ ನೋಡಿದ. “ನೀನೂನಾ?”

“ಹೂಂ.”

ಏಣಿ ಎತ್ತರದವನು. ಎಲ್ಲರ ತಲೆಯ ಮೇಲಿಂದ ಅವಳನ್ನು ಕಂಡ. ಬೇಕೆಂದೇ ಗಂಟಲು ಸರಿಮಾಡಿಕೊಂಡು, ಹೆಡ್‌ಮಾಸ್ಟರ ಹಾಗೆ ಕೇಳಿದ:

“ನಿಂಗೇನು ಕೆಲಸ ಬರುತ್ತೆ?”

ಸೂಜಿ ಯೋಚಿಸಿದಳು. ಆ ಕಡ್ಡಿ ಅಲ್ಲಿಡು, ಈ ಕಡ್ಡಿ ಇಲ್ಲಿಡು ಎನ್ನುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಅದನ್ನು ಬಿಟ್ಟು ಬೇರೆ ಏನು ಬರುತ್ತದೆಂದು ಈವರೆಗೆ ನೋಡಿಯೇ ಇರಲಿಲ್ಲ.

“ಅಂಟು ಹಚ್ಚೋಕೆ ಬರಬಹುದು,” ಎಂದಳು.

“ಮಾತಾಡದೆ ಹಚ್ತೀಯಾ?”

“ಸ್ವಲ್ಪ ಮಾತಾಡ್ತೀನಿ.”

ಏಣಿ ನಗು ಕಚ್ಚಿ ಹಿಡಿದ. “ನಿನ್ನ ಸರದಿ ಬರಲಿ, ನೋಡೋಣ,” ಎಂದು ಮುಂದಿನವರ ಕಡೆ ತಿರುಗಿದ.

ಅವಳ ಮುಂದೆ ಇನ್ನೂ ಐದು ಜನರಿದ್ದರು. ಸೂಜಿ ಕೈ ಕಟ್ಟಿಕೊಂಡು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿಕೊಂಡು, ಕಾಯುತ್ತಾ ನಿಂತಳು.